ಬಿಪಿ, ಶುಗರಿನ ಮದ್ದು ಎಲ್ಲಿಂದ ತರುವುದು? ಕಾಸರಗೋಡಿನ ಹಿರಿಯರ ಮನೆಯವರಿಗೊಂದು ಹೋಲಿಕೆ

ಕೇರಳದ ಕ್ಷೇಮ ಪಿಂಚಣಿ 2025ರ ನವೆಂಬರಿನಿಂದ ತಿಂಗಳಿಗೆ 2,000 ರೂಪಾಯಿ ಆಗಿದೆ. ಬಿಪಿ, ಶುಗರ್, ಕೊಲೆಸ್ಟ್ರಾಲ್ ಮೂರೂ ಇರುವ ಹಿರಿಯರೊಬ್ಬರು ಮಂಗಳೂರಿನ ಡಾಕ್ಟರ್ ಬರೆದ ಬ್ರಾಂಡಿನ ಮಾತ್ರೆಗಳನ್ನೇ ಪೇಟೆಯ ಮೆಡಿಕಲ್‌ನಿಂದ ತಂದರೆ ಆ ದುಡ್ಡಿನ ದೊಡ್ಡ ಪಾಲು ಅಲ್ಲಿಗೇ ಮುಗಿಯಿತು. ಆಮೇಲೆ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. ದಿನಕ್ಕೆ ಎರಡು ಮಾತ್ರೆ ತೆಗೆದುಕೊಳ್ಳಬೇಕಾದ ಅಜ್ಜಿ ಒಂದೇ ತೆಗೆದುಕೊಳ್ಳುತ್ತಾರೆ. ತಿಂಗಳ ಕೊನೆಗೆ ನಾಲ್ಕು ದಿನ ಬಿಟ್ಟುಬಿಡುತ್ತಾರೆ. ಮಕ್ಕಳ ಹತ್ತಿರ ಹೇಳುವುದೂ ಇಲ್ಲ.

ಪುಕ್ಕಟೆಯಾಗಿಯೋ ಕಡಿಮೆ ಬೆಲೆಗೋ ಮದ್ದು ಸಿಗುವ ಸರಕಾರಿ, ಸಹಕಾರಿ ದಾರಿಗಳು ನಮ್ಮ ಜಿಲ್ಲೆಯಲ್ಲಿ ಕಡಿಮೆ ಏನಿಲ್ಲ. ಕುಟುಂಬ ಆರೋಗ್ಯ ಕೇಂದ್ರ, ಜನೌಷಧಿ, ಕಾರುಣ್ಯ ಫಾರ್ಮಸಿ, ನೀತಿ ಸ್ಟೋರ್, ಮಾವೇಲಿ ಮೆಡಿಕಲ್, ಕೆಲವರಿಗೆ ಹಿರಿಯರ ಹತ್ತಿರಕ್ಕೇ ಮದ್ದು ತರುವ ವಯೋಮಿತ್ರಂ ಯೋಜನೆ. ತೊಂದರೆ ಇರುವುದು ಆಯ್ಕೆಯಲ್ಲಿ. ‘ಜನೌಷಧಿ ಒಳ್ಳೆಯದಾ, ನೀತಿ ಒಳ್ಳೆಯದಾ?’ ಅಂತ ಜನ ಕೇಳುತ್ತಾರೆ. ಹಾಗೆ ಕೇಳಿದರೆ ಉತ್ತರ ಸಿಗುವುದಿಲ್ಲ. ಚೀಟಿಯಲ್ಲಿ ಆರು ಮದ್ದು ಇದ್ದರೆ ಆರಕ್ಕೂ ಒಂದೇ ಅಂಗಡಿ ಸರಿಹೋಗಬೇಕು ಅಂತ ಇಲ್ಲ. ಒಂದೊಂದು ಮದ್ದಿಗೂ ಬೇರೆ ಬೇರೆಯಾಗಿ ನೋಡಬೇಕು: ಇದು ಪುಕ್ಕಟೆ ಸಿಗುತ್ತದಾ? ಇಲ್ಲದಿದ್ದರೆ ಜೆನೆರಿಕ್ ಆಗಿ, ಅಂದರೆ ಬ್ರಾಂಡಿನ ಬದಲು ಮದ್ದಿನ ಮೂಲ ಹೆಸರಿನಲ್ಲಿ ಸಿಗುತ್ತದಾ? ಬ್ರಾಂಡೇ ಬೇಕು ಅಂತಾದರೆ ರಿಯಾಯಿತಿ ಎಲ್ಲಿದೆ? ಈ ಕ್ರಮದಲ್ಲೇ ಹೋಗುವುದು ಒಳ್ಳೆಯದು.

ಮೊದಲು ಪಂಚಾಯತಿನ ಆಸ್ಪತ್ರೆ

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಿಪಿ, ಶುಗರಿನ ಸಾಮಾನ್ಯ ಮಾತ್ರೆಗಳಿಗೆ ನಮ್ಮ ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೂ ಅನುಕೂಲಸ್ಥರು ಮಾತ್ರ ಅಲ್ಲ, ಕಷ್ಟದಲ್ಲಿರುವವರೂ ಅದನ್ನು ಕೊನೆಯ ದಾರಿ ಅಂತ ನೋಡುತ್ತಾರೆ. ‘ಅದು ಬಡವರ ಮದ್ದು, ಅದರಲ್ಲಿ ಪವರ್ ಇಲ್ಲ’ ಅನ್ನುವ ಮಾತು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ. ಆ ಮಾತಿಗೆ ಆಧಾರ ಇಲ್ಲ. ಶುಗರಿನ ಮಾತ್ರೆ ಮೆಟ್‌ಫಾರ್ಮಿನ್ 500 ಅಂದರೆ ಪುಕ್ಕಟೆ ಕೊಟ್ಟರೂ ಮೆಟ್‌ಫಾರ್ಮಿನ್ 500, ದುಡ್ಡು ಕೊಟ್ಟು ತಂದರೂ ಅಷ್ಟೇ.

ಕೇರಳದ ಸರಕಾರಿ ಆಸ್ಪತ್ರೆಗಳಿಗೆ ಮದ್ದು ಖರೀದಿಸಿ ಕೊಡುವುದು ಕೇರಳ ಮೆಡಿಕಲ್ ಸರ್ವಿಸಸ್ ಕಾರ್ಪೊರೇಷನ್. ಇಡೀ ರಾಜ್ಯಕ್ಕೆ ಒಟ್ಟಿಗೆ ಟೆಂಡರ್ ಕರೆಯುವುದರಿಂದ ಅವರಿಗೆ ತುಂಬಾ ಕಡಿಮೆ ಬೆಲೆಗೆ ಸಿಗುತ್ತದೆ. 2017ರಲ್ಲಿ ಸರಕಾರಿ ಆಸ್ಪತ್ರೆಗಳನ್ನು ಸುಧಾರಿಸುವ ಆರ್ದ್ರಂ ಮಿಷನ್ ಶುರುವಾದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಒಂದೊಂದಾಗಿ ಕುಟುಂಬ ಆರೋಗ್ಯ ಕೇಂದ್ರಗಳಾದವು. ಒಪಿ ಸಂಜೆಯವರೆಗೂ ಇರುವ ವ್ಯವಸ್ಥೆ ಬಂತು. ಬಿಪಿ, ಶುಗರಿನವರಿಗಾಗಿ ಜೀವನಶೈಲಿ ರೋಗಗಳ ಕ್ಲಿನಿಕ್ ಇದೆ. ಅದು ಯಾವ ದಿನ ಅಂತ ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿದರೆ ಸಾಕು.

ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಆಮ್ಲೋಡಿಪಿನ್, ಅಟೋರ್ವಾಸ್ಟಾಟಿನ್, ಆಸ್ಪಿರಿನ್ 75, ಸಾಮಾನ್ಯ ಇನ್ಸುಲಿನ್: ಹೆಚ್ಚಿನ ಹಿರಿಯರ ಚೀಟಿಯ ಅರ್ಧ ಭಾಗ ಇದೇ ಅಲ್ವಾ? ಇವೆಲ್ಲ ಇಲ್ಲಿ ಸಾಮಾನ್ಯವಾಗಿ ಕೊಡುವ ಮದ್ದುಗಳೇ.

ಒಂದು ವಿಷಯ ಗೊತ್ತಿಲ್ಲದೆ ತುಂಬಾ ಜನ ಬೇಜಾರು ಮಾಡಿಕೊಂಡು ವಾಪಸು ಬರುತ್ತಾರೆ. ಮಂಗಳೂರಿನ ಚೀಟಿಯನ್ನು ಸೀದಾ ಮದ್ದಿನ ಕೌಂಟರಿಗೆ ಕೊಟ್ಟರೆ ಆಗುವುದಿಲ್ಲ. ಮೊದಲು ಒಪಿ ಚೀಟಿ ಮಾಡಿಸಿ, ಅಲ್ಲಿನ ಡಾಕ್ಟರಿಗೆ ಹಳೆಯ ಚೀಟಿ ಮತ್ತು ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಸ್ಟ್ರಿಪ್ ಎರಡನ್ನೂ ತೋರಿಸಬೇಕು. ಅವರು ಇರುವ ಮದ್ದಿಗೆ ಹೊಂದಿಸಿ ಬರೆದುಕೊಡುತ್ತಾರೆ. ಸ್ಟ್ರಿಪ್ ಮರೆಯಬೇಡಿ. ಚೀಟಿಯ ಬರವಣಿಗೆ ಓದಲಾಗದಿದ್ದರೂ ಸ್ಟ್ರಿಪ್‌ನಲ್ಲಿ ಅಚ್ಚಾಗಿರುವ ಹೆಸರು ಸ್ಪಷ್ಟವಾಗಿರುತ್ತದೆ.

ಇಲ್ಲಿನ ಕೊರತೆ ಅಂದರೆ ಪೂರೈಕೆ. ಕೆಲವು ತಿಂಗಳು ಒಂದೆರಡು ಮದ್ದು ಇರುವುದಿಲ್ಲ, ಇದ್ದರೂ ತಿಂಗಳಿಗೆ ಬದಲು ಎರಡು ವಾರಕ್ಕೆ ಮಾತ್ರ ಕೊಡುತ್ತಾರೆ. ಹೊಸ ಬಗೆಯ ಶುಗರ್ ಮಾತ್ರೆಗಳು, ಪೆನ್ನಿನಲ್ಲಿ ಬರುವ ದುಬಾರಿ ಇನ್ಸುಲಿನ್ ಇವನ್ನು ಇಲ್ಲಿ ನಿರೀಕ್ಷಿಸುವ ಹಾಗಿಲ್ಲ. ಮುಗಿಯುವ ಒಂದು ವಾರ ಮೊದಲೇ ಹೋಗಿ. ಆಗ, ಇಲ್ಲ ಅಂದರೂ, ಬೇರೆ ಕಡೆ ನೋಡಲು ಸಮಯ ಇರುತ್ತದೆ.

ಜನೌಷಧಿ: ಅಗ್ಗ ಹೌದು, ಆದರೆ ಚೀಟಿ ಸರಿಯಾಗಿರಬೇಕು

ಕೇಂದ್ರ ಸರಕಾರದ ಈ ಯೋಜನೆ 2008ರಲ್ಲಿ ಶುರುವಾಯಿತು. ಮೊದಲ ಅಂಗಡಿ ಅಮೃತಸರದ ಸರಕಾರಿ ಆಸ್ಪತ್ರೆಯಲ್ಲಿ. ಈಗ ದೇಶದಲ್ಲಿ 16,000ಕ್ಕೂ ಹೆಚ್ಚು ಕೇಂದ್ರಗಳಿವೆ. ಪಟ್ಟಿಯಲ್ಲಿ 2,000ಕ್ಕೂ ಹೆಚ್ಚು ಮದ್ದುಗಳಿವೆ. ಬ್ರಾಂಡಿಗಿಂತ ಸಾಮಾನ್ಯವಾಗಿ 50ರಿಂದ 80 ಶೇಕಡಾ ಕಡಿಮೆ ಬೆಲೆ.

ಒಂದು ಲೆಕ್ಕ ನೋಡಿ. ಸಿಟಾಗ್ಲಿಪ್ಟಿನ್ ಅನ್ನುವ ಶುಗರ್ ಮಾತ್ರೆಯ ಪೇಟೆಂಟ್ ಮುಗಿದ ಬೆನ್ನಿಗೆ, 2022ರ ಸೆಪ್ಟೆಂಬರಿನಲ್ಲಿ ಜನೌಷಧಿಯವರು 50 ಮಿಲಿಗ್ರಾಮಿನ ಹತ್ತು ಮಾತ್ರೆಯನ್ನು 60 ರೂಪಾಯಿಗೆ ತಂದರು. ಆಗ ಹೆಸರಾದ ಬ್ರಾಂಡುಗಳ ಬೆಲೆ 160 ರೂಪಾಯಿಯಿಂದ ಮೇಲೆ ಇತ್ತು. ದಿನಕ್ಕೊಂದು ಮಾತ್ರೆಯಾದರೆ ತಿಂಗಳಿಗೆ 180 ರೂಪಾಯಿ ಒಂದು ಕಡೆ, 480ಕ್ಕೂ ಹೆಚ್ಚು ಇನ್ನೊಂದು ಕಡೆ. ಪುಕ್ಕಟೆ ಸಿಗದ ಇಂಥ ಮದ್ದುಗಳಿಗೇ ಜನೌಷಧಿ ನಿಜವಾಗಿ ಕೈ ಹಿಡಿಯುವುದು.

‘ಇಷ್ಟು ಅಗ್ಗ ಅಂದರೆ ಒಳಗೆ ಏನಿದೆಯೋ’ ಅನ್ನುವ ಸಂಶಯ ಸಹಜ. ಇಲ್ಲಿಗೆ ಬರುವ ಒಂದೊಂದು ಬ್ಯಾಚನ್ನೂ ಮಾನ್ಯತೆ ಇರುವ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದ ಮೇಲೆಯೇ ಅಂಗಡಿಗೆ ಕಳಿಸುವ ಕ್ರಮ ಇದೆ. ಬೆಲೆ ಕಡಿಮೆಯಾಗುವುದು ಜಾಹೀರಾತು, ಮೆಡಿಕಲ್ ರೆಪ್, ಮಧ್ಯದ ಕಮಿಷನ್ ಇವೆಲ್ಲ ಇಲ್ಲದ್ದರಿಂದ.

ಇನ್ನು ಚೀಟಿಯ ವಿಷಯ. ಡಾಕ್ಟರ್ ಬ್ರಾಂಡಿನ ಹೆಸರು ಬರೆದಿದ್ದರೆ ಅಂಗಡಿಯವರು ತಾವಾಗಿಯೇ ಅದರ ಬದಲು ಬೇರೆ ಕೊಡುವ ಹಾಗಿಲ್ಲ. ಚೀಟಿ ಬೇಕಾದ ಮದ್ದುಗಳಿಗೆ ಕಾನೂನು ಹಾಗೇ ಇದೆ. ಹಾಗಾಗಿ ಜನೌಷಧಿಯಲ್ಲಿ ‘ಇದು ಇಲ್ಲ’ ಅಂದರೆ ಮದ್ದೇ ಇಲ್ಲ ಅಂತ ಅಲ್ಲ, ಆ ಹೆಸರಿನದು ಇಲ್ಲ ಅಂತಲೂ ಇರಬಹುದು. ಡಾಕ್ಟರ್ ಎದುರು ಕೂತಿರುವಾಗಲೇ ಒಂದು ಮಾತು ಕೇಳಿ: ‘ಡಾಕ್ಟ್ರೇ, ಮದ್ದಿನ ಮೂಲ ಹೆಸರು ಬರೆದು ಕೊಡ್ತೀರಾ? ಜನೌಷಧಿಯಲ್ಲಿ ತೆಗೆದುಕೊಳ್ಳಬೇಕು.’ ಕೇಳಲು ನಾಚಿಕೆ ಬೇಡ. ಹೆಚ್ಚಿನ ಡಾಕ್ಟರುಗಳು ಬರೆದು ಕೊಡುತ್ತಾರೆ.

ಮೂಲ ಹೆಸರು ಯಾವುದು ಅಂತ ಸ್ಟ್ರಿಪ್‌ನಲ್ಲೇ ಇರುತ್ತದೆ. ಬಿಪಿಯ ಮಾತ್ರೆಯಲ್ಲಿ ಟೆಲ್ಮಾ ಅಂತ ದೊಡ್ಡಕ್ಷರದಲ್ಲಿದ್ದರೆ ಅದರ ಹತ್ತಿರ ಚಿಕ್ಕಕ್ಷರದಲ್ಲಿ ಟೆಲ್ಮಿಸಾರ್ಟನ್ ಅಂತ ಇರುತ್ತದೆ. ಹೆಸರಿನ ಬಾಲವನ್ನೂ ಓದಬೇಕು. ಟೆಲ್ಮಾ ಎಚ್ ಅಂದರೆ ಅದರಲ್ಲಿ ಮೂತ್ರ ಜಾಸ್ತಿ ಮಾಡುವ ಇನ್ನೊಂದು ಮದ್ದು ಸೇರಿದೆ. ಎಎಂ ಅಂದರೆ ಆಮ್ಲೋಡಿಪಿನ್ ಸೇರಿದೆ. ಎಸ್‌ಆರ್ ಅಂದರೆ ನಿಧಾನವಾಗಿ ಕರಗುವ ಮಾತ್ರೆ, ಅದನ್ನು ಪುಡಿ ಮಾಡಿ ನುಂಗಿಸಬಾರದು. ಈ ಎರಡಕ್ಷರ ನೋಡದೆ ತಂದರೆ ಹೆಸರು ಸರಿ ಇದ್ದೂ ಮದ್ದು ತಪ್ಪಾಗುತ್ತದೆ.

ಎಲ್ಲ ಕೇಂದ್ರದಲ್ಲೂ ಎಲ್ಲ ಮದ್ದು ಇರುವುದಿಲ್ಲ. ಇವನ್ನು ನಡೆಸುವವರು ಹೆಚ್ಚಾಗಿ ಖಾಸಗಿಯವರು. ಅವರಿಗೆ ಸಿಗುವುದು ಮಾರಾಟ ಬೆಲೆಯ ಮೇಲೆ 20 ಶೇಕಡಾ. ಹತ್ತು ರೂಪಾಯಿಯ ಮದ್ದಿಗೆ ಎರಡು ರೂಪಾಯಿ. ಹಾಗಾಗಿ ಓಡದ ಮದ್ದನ್ನು ತರಿಸಿ ಇಡಲು ಹಿಂಜರಿಯುತ್ತಾರೆ. ‘ನನಗೆ ಪ್ರತಿ ತಿಂಗಳೂ ಬೇಕು’ ಅಂತ ಪಟ್ಟಿ ಬರೆದು ಕೊಟ್ಟು, ಫೋನ್ ನಂಬರ್ ತೆಗೆದುಕೊಂಡು ಬನ್ನಿ. ಗ್ಯಾರಂಟಿ ಗಿರಾಕಿ ಅಂತ ಗೊತ್ತಾದರೆ ತರಿಸಿಡುತ್ತಾರೆ. ಹತ್ತಿರದ ಕೇಂದ್ರ ಮತ್ತು ಬೆಲೆ ನೋಡಲು ಜನೌಷಧಿ ಸುಗಮ್ ಅನ್ನುವ ಆ್ಯಪ್ ಇದೆ, ಮನೆಯ ಮಕ್ಕಳು ನೋಡಿ ಹೇಳಬಹುದು.

ಬ್ರಾಂಡೇ ಬೇಕು ಅನ್ನುವಾಗ

ಕೆಲವು ಮದ್ದುಗಳಲ್ಲಿ ಬ್ರಾಂಡ್ ಬದಲಿಸುವುದು ಆಟ ಅಲ್ಲ. ಥೈರಾಯ್ಡಿನ ಥೈರಾಕ್ಸಿನ್, ಫಿಟ್ಸಿನ ಫೆನಿಟಾಯಿನ್, ಹೃದಯದ ಡಿಗಾಕ್ಸಿನ್, ರಕ್ತ ತೆಳುವಾಗಿಸುವ ವಾರ್ಫರಿನ್. ಇವುಗಳಲ್ಲಿ ಪ್ರಮಾಣ ಸ್ವಲ್ಪ ಹೆಚ್ಚುಕಡಿಮೆಯಾದರೂ ದೇಹಕ್ಕೆ ಗೊತ್ತಾಗುತ್ತದೆ. ಇವನ್ನು ಡಾಕ್ಟರಿಗೆ ಹೇಳದೆ ಬದಲಿಸಲೇಬೇಡಿ. ಬದಲಿಸಿದರೆ ರಕ್ತ ಪರೀಕ್ಷೆ ಬೇಕಾಗಬಹುದು. ಇಂಥವಕ್ಕೆ, ಮತ್ತೆ ‘ನಾನು ಬರೆದದ್ದೇ ಬೇಕು’ ಅನ್ನುವ ಡಾಕ್ಟರುಗಳ ಚೀಟಿಗೆ, ಕಾರುಣ್ಯ ಮತ್ತು ನೀತಿ ಇವೆ.

ಕಾರುಣ್ಯ ಕಮ್ಯುನಿಟಿ ಫಾರ್ಮಸಿ ಅದೇ ಮೆಡಿಕಲ್ ಸರ್ವಿಸಸ್ ಕಾರ್ಪೊರೇಷನ್ ನಡೆಸುವುದು, 2012ರಿಂದ ಇದೆ. ಸಾಮಾನ್ಯವಾಗಿ ದೊಡ್ಡ ಸರಕಾರಿ ಆಸ್ಪತ್ರೆಗಳ ಆವರಣದಲ್ಲಿರುತ್ತದೆ. ಬ್ರಾಂಡಿನ ಮದ್ದನ್ನೇ ಒಟ್ಟಿಗೆ ಖರೀದಿಸಿ ಎಂಆರ್‌ಪಿಗಿಂತ ಕಡಿಮೆಗೆ ಕೊಡುತ್ತಾರೆ. ಯಾವ ಮದ್ದಿಗೆ ಎಷ್ಟು ಕಡಿಮೆ ಅನ್ನುವುದು ಬೇರೆ ಬೇರೆ. ಕೆಲವಕ್ಕೆ ಸ್ವಲ್ಪವೇ, ಕೆಲವಕ್ಕೆ ನಂಬಲಾಗದಷ್ಟು. ಕ್ಯಾನ್ಸರಿನ ಮದ್ದು ಬೇಕಾದವರು ಇದನ್ನು ತಪ್ಪದೆ ವಿಚಾರಿಸಬೇಕು. 2024ರಲ್ಲಿ ಕಾರುಣ್ಯ ಸ್ಪರ್ಶಂ ಅಂತ ಲಾಭ ಇಟ್ಟುಕೊಳ್ಳದೆ ಕ್ಯಾನ್ಸರ್ ಮದ್ದು ಕೊಡುವ ಕೌಂಟರುಗಳನ್ನು ಕಾರುಣ್ಯ ಫಾರ್ಮಸಿಗಳಲ್ಲಿ ಶುರು ಮಾಡಿದ್ದಾರೆ. ಎಲ್ಲ ಅಂಗಡಿಯಲ್ಲೂ ಈ ಕೌಂಟರ್ ಇರುವುದಿಲ್ಲ, ಕೇಳಿಕೊಂಡು ಹೋಗಿ.

ನೀತಿ ಮೆಡಿಕಲ್ ಸ್ಟೋರುಗಳು ಸಹಕಾರಿ ಸಂಘಗಳ ಮೂಲಕ ನಡೆಯುವಂಥವು. ರಿಯಾಯಿತಿ ಕಾರುಣ್ಯದಷ್ಟು ಇಲ್ಲದಿದ್ದರೂ ಊರಿನ ಪೇಟೆಯಲ್ಲೇ ಇರುತ್ತದೆ, ಬಸ್ಸಿಗೆ ಖರ್ಚು ಮಾಡಬೇಕಾಗಿಲ್ಲ. ಕೇರಳ ಸರಕಾರದ ನಾಗರಿಕ ಪೂರೈಕೆ ನಿಗಮವಾದ ಸಪ್ಲೈಕೋದ ಮಾವೇಲಿ ಮೆಡಿಕಲ್ ಸ್ಟೋರುಗಳೂ ಹಾಗೇ. 40 ರೂಪಾಯಿ ಉಳಿಸಲು 60 ರೂಪಾಯಿ ಬಸ್ಸಿಗೆ ಹಾಕಿ ಅರ್ಧ ದಿನ ಕಳೆಯುವುದರಲ್ಲಿ ಅರ್ಥ ಇಲ್ಲ. ಹಿರಿಯರಿಗೆ ಆ ಅರ್ಧ ದಿನದ ಸುಸ್ತೂ ಒಂದು ಖರ್ಚೇ.

ಹಳೆಯ ಬೆಲೆಯನ್ನೇ ಕೊಡುತ್ತಾ ಹೋಗಬೇಡಿ. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಮದ್ದುಗಳ ಮೇಲಿನ ಜಿಎಸ್‌ಟಿ 12ರಿಂದ 5 ಶೇಕಡಾಕ್ಕೆ ಇಳಿದಿದೆ. ಎಂಪಾಗ್ಲಿಫ್ಲೋಜಿನ್ ಅನ್ನುವ ಶುಗರ್ ಮಾತ್ರೆಯ ಪೇಟೆಂಟ್ 2025ರ ಮಾರ್ಚಿನಲ್ಲಿ ಮುಗಿಯಿತು. ಅಲ್ಲಿಯವರೆಗೆ ಒಂದು ಮಾತ್ರೆಗೆ 60 ರೂಪಾಯಿ ಆಸುಪಾಸು ಇದ್ದದ್ದು ಬೇರೆ ಕಂಪನಿಗಳು ತಂದ ಮೇಲೆ ಎಷ್ಟೋ ಪಾಲು ಕಡಿಮೆಗೆ ಸಿಗುತ್ತಿದೆ. ಎರಡು ವರ್ಷದ ಹಿಂದಿನ ಚೀಟಿಯಲ್ಲೇ ಮದ್ದು ತರುತ್ತಿದ್ದರೆ ಡಾಕ್ಟರಿಗೆ ತೋರಿಸಿ, ‘ಇದಕ್ಕೆ ಈಗ ಅಗ್ಗದ್ದು ಬಂದಿದೆಯಾ?’ ಅಂತ ಕೇಳಿ.

ಕಾರ್ಡ್ ಇದೆ ಅಂತ ತಿಂಗಳ ಮಾತ್ರೆ ಸಿಗುವುದಿಲ್ಲ

‘ನಮಗೆ ಐದು ಲಕ್ಷದ ಕಾರ್ಡ್ ಇದೆ’ ಅಂತ ಹೇಳುವವರು ಇದನ್ನು ಗಮನಿಸಬೇಕು. ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುವುದು ಆಸ್ಪತ್ರೆಗೆ ಅಡ್ಮಿಟ್ ಆದರೆ. ಬಿಡುಗಡೆಯಾದ ಮೇಲೆ 15 ದಿನದ ಮದ್ದು ಅದರಲ್ಲಿ ಸೇರುತ್ತದೆ. ಅದನ್ನು ಬಿಡದೆ ಕೇಳಿ ತೆಗೆದುಕೊಳ್ಳಿ. ಆದರೆ ಪ್ರತಿ ತಿಂಗಳ ಬಿಪಿ ಮಾತ್ರೆಗೆ ಈ ಕಾರ್ಡ್ ಆಗುವುದಿಲ್ಲ. ಕಾರುಣ್ಯ ಬೆನೆವೊಲೆಂಟ್ ಫಂಡ್ ಕೂಡ ಆಸ್ಪತ್ರೆಯ ಚಿಕಿತ್ಸೆಗೇ. ಹೆಸರೆಲ್ಲ ಕಾರುಣ್ಯವೇ ಆಗಿರುವುದರಿಂದ ಫಾರ್ಮಸಿಗೆ ಈ ಕಾರ್ಡ್ ಹಿಡಿದುಕೊಂಡು ಹೋಗುವವರೂ ಇದ್ದಾರೆ. ಫಾರ್ಮಸಿಯ ರಿಯಾಯಿತಿಗೆ ಯಾವ ಕಾರ್ಡೂ ಬೇಡ, ಚೀಟಿ ಸಾಕು.

ಮಾಜಿ ಸೈನಿಕರಿಗೆ ಅವರದೇ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್ಕಿನಿಂದ ಮದ್ದು ಸಿಗುತ್ತದೆ, ಅವರು ಮೊದಲು ಅಲ್ಲೇ ವಿಚಾರಿಸಬೇಕು. ಎಂಡೋಸಲ್ಫಾನ್ ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿರುವವರಿಗೂ ಬೇರೆಯೇ ವ್ಯವಸ್ಥೆ ಇದೆ.

ಮಂಗಳೂರಿನ ಚೀಟಿ, ಕಾಸರಗೋಡಿನ ಮನೆ

ದೊಡ್ಡ ಕಾಯಿಲೆ ಅಂದರೆ ನಾವು ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗುವವರೇ. 2020ರಲ್ಲಿ ಗಡಿ ಮುಚ್ಚಿದಾಗ ಎಷ್ಟು ಕಷ್ಟವಾಯಿತು ಅಂತ ಯಾರೂ ಮರೆತಿಲ್ಲ. ಮಂಗಳೂರಿಗೆ ಹೋಗುವುದು ತಪ್ಪಲ್ಲ. ಆದರೆ ರೋಗ ಗೊತ್ತಾದ ಮೇಲೂ ಪ್ರತಿ ತಿಂಗಳ ಮಾತ್ರೆಯನ್ನು ಅಲ್ಲಿಂದಲೇ ತರುತ್ತಾ ಇರುವುದರಲ್ಲಿ ಲಾಭ ಇಲ್ಲ. ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುವ ಕರ್ನಾಟಕ ಸರಕಾರದ ಗೃಹ ಆರೋಗ್ಯದಂಥ ಯೋಜನೆಗಳು ಆ ರಾಜ್ಯದ ಮನೆಗಳಿಗೆ, ನಮ್ಮ ರೇಷನ್ ಕಾರ್ಡಿಗೆ ಅಲ್ಲ. ಅಲ್ಲಿನ ಸರಕಾರಿ ಆಸ್ಪತ್ರೆಗಳ ಒಳಗಿನ ಜನೌಷಧಿ ಅಂಗಡಿಗಳನ್ನು ನಿಲ್ಲಿಸಲು 2025ರ ಮೇಯಲ್ಲಿ ಆದೇಶವಾಗಿ, ವಿಷಯ ಹೈಕೋರ್ಟಿಗೂ ಹೋಗಿತ್ತು. ಹೊರಗಿನ ಜನೌಷಧಿ ಅಂಗಡಿಗಳಿಗೆ ಅದು ಅನ್ವಯವಲ್ಲ. ತಜ್ಞರ ಸಲಹೆ ಮಂಗಳೂರಿನದ್ದಾಗಲಿ, ತಿಂಗಳ ಮಾತ್ರೆ ಊರಿನದ್ದಾಗಲಿ.

ಇನ್ಸುಲಿನ್ ತರುವವರಿಗೆ ಒಂದು ಮಾತು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಏಪ್ರಿಲ್ ಬಿಸಿಲಿನಲ್ಲಿ ಬಸ್ಸಿನ ಕಿಟಕಿ ಪಕ್ಕ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಇಟ್ಟು ತಂದರೆ ಅದರ ಗುಣ ಕೆಡುತ್ತದೆ. ಹಾಗಂತ ಐಸಿಗೆ ತಾಗಿಸಿ ಗಟ್ಟಿಯಾಗಲು ಬಿಡಲೂಬಾರದು.

ಒಂದು ಚೀಟಿಯನ್ನು ಹಂಚಿ ನೋಡೋಣ

ನಮ್ಮ ದೊಡ್ಡಮ್ಮನ ಚೀಟಿಯಂಥದೇ ಒಂದನ್ನು ತೆಗೆದುಕೊಳ್ಳೋಣ. ಗ್ಲೈಕೋಮೆಟ್ ಜಿಪಿ 1, ಟೆಲ್ಮಾ ಎಎಂ, ಅಟೋರ್ವಾಸ್ಟಾಟಿನ್ 10, ಆಸ್ಪಿರಿನ್ 75, ಸಿಟಾಗ್ಲಿಪ್ಟಿನ್ 50, ಥೈರಾಕ್ಸಿನ್ 50, ಮತ್ತೆ ಒಂದು ವಿಟಮಿನ್ ಮಾತ್ರೆ.

ಮೊದಲನೆಯದು ಎರಡು ಮದ್ದು ಸೇರಿದ ಮಾತ್ರೆ: ಮೆಟ್‌ಫಾರ್ಮಿನ್ 500 ಮತ್ತು ಗ್ಲಿಮೆಪಿರೈಡ್ 1. ಸರಕಾರಿ ಆಸ್ಪತ್ರೆಯಲ್ಲಿ ಜೋಡಿ ಮಾತ್ರೆ ಇಲ್ಲದಿದ್ದರೂ ಎರಡೂ ಬೇರೆ ಬೇರೆಯಾಗಿ ಸಿಗಬಹುದು. ಒಂದು ನುಂಗುವಲ್ಲಿ ಎರಡು ನುಂಗಬೇಕು, ಅಷ್ಟೇ ವ್ಯತ್ಯಾಸ. ಜೋಡಿಯಲ್ಲಿರುವುದು ನಿಧಾನ ಕರಗುವ ಮೆಟ್‌ಫಾರ್ಮಿನ್ ಆದ್ದರಿಂದ ಯಾವ ಹೊತ್ತಿಗೆ ಎಷ್ಟು ಅಂತ ಡಾಕ್ಟರೇ ಹೇಳಬೇಕು. ಟೆಲ್ಮಾ ಎಎಂ ಕೂಡ ಹಾಗೇ, ಬಿಡಿಸಿ ಬರೆಯಬಹುದು. ಅಟೋರ್ವಾಸ್ಟಾಟಿನ್, ಆಸ್ಪಿರಿನ್ ಕುಟುಂಬ ಆರೋಗ್ಯ ಕೇಂದ್ರದಿಂದ. ಸಿಟಾಗ್ಲಿಪ್ಟಿನ್ ಜನೌಷಧಿಯಿಂದ. ಥೈರಾಕ್ಸಿನ್ ಬದಲಿಸುವುದು ಬೇಡ, ಅದೇ ಬ್ರಾಂಡನ್ನು ಕಾರುಣ್ಯ ಅಥವಾ ನೀತಿಯಿಂದ ತರಬಹುದು. ವಿಟಮಿನ್ ಮಾತ್ರೆ ನಿಜವಾಗಿ ಇನ್ನೂ ಬೇಕಾ ಅಂತ ಡಾಕ್ಟರ್ ಹತ್ತಿರ ಕೇಳಿ. ಕೆಲವು ಸಲ ಮೂರು ತಿಂಗಳಿಗೆ ಅಂತ ಬರೆದದ್ದನ್ನು ಮೂರು ವರ್ಷ ತಿನ್ನುತ್ತಾ ಇರುತ್ತೇವೆ.

ಹೀಗೆ ಹಂಚಿದರೆ ಕೈಯಿಂದ ಹೋಗುವುದು ಎರಡೋ ಮೂರೋ ಮದ್ದಿನ ದುಡ್ಡು ಮಾತ್ರ. ಆದರೆ ಬದಲಿಸಿದ ಮೇಲೆ ಎರಡು ವಾರದೊಳಗೆ ಬಿಪಿ, ಶುಗರ್ ಒಮ್ಮೆ ನೋಡಿಸಿ. ಹಳೆಯ ಸ್ಟ್ರಿಪ್ ಮುಗಿಯುವ ಮೊದಲೇ ಹೊಸದು ಬಂದರೆ ಎರಡನ್ನೂ ಒಟ್ಟಿಗೆ ನುಂಗುವ ಅಪಾಯ ಇದೆ. ಹಾಗಾಗಿ ಹಳೆಯದನ್ನು ಡಬ್ಬಿಯಿಂದ ತೆಗೆದಿಡಿ. ಮದ್ದಿನ ಕವರಿನ ಮೇಲೆ ಮಲಯಾಳದಲ್ಲಿ ಬರೆದಿದ್ದರೆ ನಮ್ಮ ಹಿರಿಯರಲ್ಲಿ ತುಂಬಾ ಜನರಿಗೆ ಓದಲು ಬರುವುದಿಲ್ಲ. ಮನೆಗೆ ಬಂದ ಕೂಡಲೇ ‘ಬೆಳಿಗ್ಗೆ ತಿಂಡಿಗೆ ಮೊದಲು’, ‘ರಾತ್ರಿ ಊಟದ ಮೇಲೆ’ ಅಂತ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಇಡಿ.

ಹೊರಗೆ ಹೋಗಲಾಗದವರಿಗೆ

ವಯೋಮಿತ್ರಂ ಒಳ್ಳೆಯ ಯೋಜನೆ. 65 ದಾಟಿದವರಿಗೆ ಅವರಿರುವ ಜಾಗದ ಹತ್ತಿರಕ್ಕೇ ಡಾಕ್ಟರೂ ಮದ್ದೂ ಪುಕ್ಕಟೆಯಾಗಿ ಬರುತ್ತದೆ. ಆದರೆ ಅದು ರೂಪುಗೊಂಡದ್ದು ಮುಖ್ಯವಾಗಿ ನಗರಸಭೆಗಳಿಗಾಗಿ. ನಮ್ಮ ಜಿಲ್ಲೆಯ ನಗರಸಭೆಗಳು ಕಾಸರಗೋಡು, ಕಾಞಂಗಾಡು, ನೀಲೇಶ್ವರ. ಆದರೆ ಎಣ್ಮಕಜೆ, ಪೈವಳಿಕೆ, ವರ್ಕಾಡಿ ಪಂಚಾಯತುಗಳ ಗುಡ್ಡದ ಮೇಲೆ ಒಂಟಿಯಾಗಿರುವ ಅಜ್ಜ ಅಜ್ಜಿಗೇ ಇದು ಹೆಚ್ಚು ಬೇಕಾದದ್ದು. ಹಾಸಿಗೆ ಹಿಡಿದವರಿಗೆ ಪಂಚಾಯತಿನ ಪಾಲಿಯೇಟಿವ್ (ಸಾಂತ್ವನ ಆರೈಕೆಯ) ನರ್ಸ್ ಮನೆಗೇ ಬರುತ್ತಾರೆ. ಹೆಸರು ನೋಂದಾಯಿಸಲು ಆರೋಗ್ಯ ಕೇಂದ್ರದಲ್ಲಿ ಹೇಳಿದರೆ ಸಾಕು. ನಡೆದಾಡುವ ಶಕ್ತಿ ಇದ್ದರೂ ಬಸ್ ಹತ್ತಲಾಗದವರು ಮಧ್ಯದಲ್ಲಿ ಉಳಿದುಬಿಡುತ್ತಾರೆ. ಅವರ ಚೀಟಿಯನ್ನು ಮನೆಯವರೋ ನೆರೆಯವರೋ ತೆಗೆದುಕೊಂಡು ಹೋಗಿ ಮದ್ದು ತರಬಹುದಾ ಅಂತ ಡಾಕ್ಟರ್ ಹತ್ತಿರ ಮೊದಲೇ ಮಾತಾಡಿ ಇಟ್ಟುಕೊಳ್ಳಿ.

ಮದ್ದು ಪದೇ ಪದೇ ಮುಗಿಯುತ್ತಿದ್ದರೆ ಕೌಂಟರಿನ ಫಾರ್ಮಸಿಸ್ಟ್ ಹತ್ತಿರ ಜಗಳ ಮಾಡಿ ಪ್ರಯೋಜನ ಇಲ್ಲ, ಅವರ ಕೈಯಲ್ಲಿ ಅದು ಇಲ್ಲ. ಕುಟುಂಬ ಆರೋಗ್ಯ ಕೇಂದ್ರ ಪಂಚಾಯತಿಗೆ ಸೇರಿದ್ದು, ಪಂಚಾಯತು ತನ್ನ ಯೋಜನೆಯ ದುಡ್ಡಿನಿಂದ ಮದ್ದು ಖರೀದಿಗೆ ಹಣ ಇಡಬಹುದು. ಅದನ್ನು ಕೇಳುವ ಜಾಗ ಗ್ರಾಮಸಭೆ. ಯಾವ ಮದ್ದು ಯಾವ ತಿಂಗಳು ಇರಲಿಲ್ಲ ಅಂತ ದಿನಾಂಕ ಸಮೇತ ಬರೆದು, ವಾರ್ಡಿನ ನಾಲ್ಕು ಮನೆಯವರ ಸಹಿ ಹಾಕಿಸಿ ಕೊಡಿ. ಅರ್ಜಿ ಕನ್ನಡದಲ್ಲೇ ಇರಲಿ, ಅದು ನಮ್ಮ ಹಕ್ಕು. ಕೊಟ್ಟದ್ದಕ್ಕೆ ರಶೀದಿ ಕೇಳಿ ತೆಗೆದುಕೊಳ್ಳಿ.